ಜಾತ್ರೆಯ ಖರ್ಚು, ಬೈಕಿನ ಕಂತು

ಪತ್ರ (ಚಿಕ್ಕದು ಮಾಡಿದ್ದೇವೆ): ನನಗೆ 24 ವರ್ಷ. ಊರು ಬಾದಾಮಿ ಹತ್ತಿರ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ, ಕೈಗೆ ಬರುವ ಪಗಾರ 24,000. ಮನೆಗೆ 6,000, ರೂಮು-ಖಾನಾವಳಿಗೆ 7,000, ಬೈಕಿನ ಕಂತು 5,400, ಫೋನಿನದು 1,500. ಬನಶಂಕರಿ ಜಾತ್ರೆಯಲ್ಲಿ ಗೆಳೆಯರ ಜೊತೆ 1,800 ಖರ್ಚಾಯಿತು. "ಹಿಂಗಾದ್ರ ನಿನ್ನ ಕಾಲ ಮ್ಯಾಲ ಯಾವಾಗ ನಿಲ್ತಿ?" ಅಂತ ಅಪ್ಪ ಬೈದರು. ಊರ ಸೊಸೈಟಿಯಲ್ಲಿ 40,000 ಠೇವಣಿ ಇದೆ. ಅದನ್ನು ಶೇರಿನ ಆಪ್ಷನ್ಸ್‌ಗೆ (ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಮುಂಚೆಯೇ ಊಹಿಸಿ ಮಾಡುವ ವ್ಯವಹಾರ) ಹಾಕು ಅನ್ನುತ್ತಾನೆ ಗೆಳೆಯ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಮೂಲ ಪತ್ರದಲ್ಲಿ ಜಾತ್ರೆಯ ತಪ್ಪೊಪ್ಪಿಗೆಗೆ ಅರ್ಧ ಪುಟ ಹೋಗಿದೆ, ಕಂತುಗಳಿಗೆ ಒಂದೇ ಸಾಲು. ಜಾತ್ರೆ ವರ್ಷಕ್ಕೊಮ್ಮೆ. ಎರಡೂ ಕಂತು ಸೇರಿ ವರ್ಷಕ್ಕೆ 82,800!

ಜಾತ್ರೆಗೆ ಹೋಗಿ. ಜಾತ್ರೆ ನಡೆಯುವ ಬನದ ಹುಣ್ಣಿಮೆ ಪ್ರತಿವರ್ಷ ಬರುತ್ತದೆ ಅಂತ ಗೊತ್ತೇ ಇದೆ, ಅಲ್ವಾ? ತಿಂಗಳಿಗೆ 500 ಬೇರೆ ತೆಗೆದಿಡಿ. ಜಾತ್ರೆ, ಅಲ್ಲಿಯ ರಾತ್ರಿ ನಾಟಕ, ಮಳೆಗಾಲದಲ್ಲಿ ಗೋಕಾಕ ಫಾಲ್ಸು ಎಲ್ಲ ಅದರಲ್ಲೇ ಆಗುತ್ತವೆ. ಹೇಗೂ ಬೈಕು ತಗೊಂಡಿದ್ದೀರಿ, ಓಡಿಸಿ.

ಈಗ ಅಪ್ಪನ ಪ್ರಶ್ನೆ. ನಾಳೆ ಕೆಲಸ ಹೋಯಿತು ಅಂದುಕೊಳ್ಳಿ. ಮನೆ, ರೂಮು, ಊಟಕ್ಕೆ ಮಾತ್ರ ಆದರೆ ನಿಮ್ಮ 40,000 ಮೂರು ತಿಂಗಳು ಬರುತ್ತದೆ. ಕಂತು ಸೇರಿಸಿದರೆ ಎರಡೇ ತಿಂಗಳು. ಕೆಟ್ಟ ಮಾಲೀಕನಿಗೆ ಬೇಡ ಅನ್ನುವ ನಿಮ್ಮ ತಾಕತ್ತಿನಲ್ಲಿ ಒಂದು ತಿಂಗಳನ್ನು ಕಂತು ತಿಂದುಹಾಕಿದೆ. ಬೈಕು ಮಾರಿ ಅನ್ನುವುದಿಲ್ಲ. ಹೊಸ ಕಂತು ಮಾತ್ರ ಬೇಡ. ಫೋನಿನದು ಮುಗಿದ ಮರುತಿಂಗಳೇ ಅದೇ 1,500ಕ್ಕೆ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಿರಿ. ಆ ದುಡ್ಡಿಲ್ಲದೆ ಬದುಕುವುದು ಆಗಲೇ ರೂಢಿಯಾಗಿರುತ್ತದೆ. ಬೈಕಿನದು ಮುಗಿದಾಗಲೂ ಹಾಗೇ ಮಾಡಿ. ಅದರಲ್ಲಿ ಏಳೆಂಟು ವರ್ಷ ಮುಟ್ಟದೆ ಇರಬಲ್ಲ ಪಾಲನ್ನು ಇಂಡೆಕ್ಸ್ ಫಂಡಿನ (ಶೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೆಲ್ಲ ದುಡ್ಡು ಹಂಚಿ ಹಾಕುವ ಫಂಡು) ಎಸ್‌ಐಪಿಗೆ, ಅಂದರೆ ತಿಂಗಳಿಗಿಷ್ಟು ಅಂತ ಕಟ್ಟುವ ಪದ್ಧತಿಗೆ, ಹಾಕಬಹುದು.

ಪಿಎಫ್ (ಭವಿಷ್ಯ ನಿಧಿ) ಬಗ್ಗೆ ನೀವು ಬರೆದೇ ಇಲ್ಲ. ಪಗಾರದ ಚೀಟಿ ನೋಡಿ. ಮೂಲ ವೇತನ ಮತ್ತು ತುಟ್ಟಿಭತ್ಯೆಯ 12% ನಿಮ್ಮಿಂದ ಹೋಗುತ್ತಿದ್ದರೆ ಮಾಲೀಕರೂ ಅಷ್ಟೇ ಕಟ್ಟಬೇಕು. ಅವರ ಪಾಲಿನಲ್ಲಿ ಒಂದಿಷ್ಟು ಪಿಂಚಣಿಗೆ ಹೋಗುತ್ತದೆ. 2024-25ರ ಬಡ್ಡಿ 8.25%. ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಬಿಡಿಸಿಕೊಂಡು ಉಡಾಯಿಸುವ ಚಾಳಿ ನಮ್ಮ ಕಡೆ ಜಾಸ್ತಿ. ನೀವು ಅದನ್ನು ಹೊಸ ಕಂಪನಿಗೆ ವರ್ಗ ಮಾಡಿಸಿಕೊಳ್ಳಿ.

ಗೆಳೆಯನಿಗೆ ಉತ್ತರ: ಬೇಡ. ಶೇರು ಪೇಟೆಯ ಮೇಲೆ ನಿಗಾ ಇಡುವ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಉಳಿದ ಏಳರಲ್ಲಿ ಅವನಿದ್ದರೆ ಮೂರು ವರ್ಷದ ಲೆಕ್ಕ ತೋರಿಸಲಿ.

ಆದರೆ ಆ 40,000 ಸೊಸೈಟಿಯಲ್ಲಿರುವುದೂ ನನಗೆ ಸರಿ ಕಾಣಲಿಲ್ಲ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಾದರೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ, ಬ್ಯಾಂಕಲ್ಲದ ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ನಮ್ಮ ಕಡೆ ಓಣಿಗೊಂದು ಸೊಸೈಟಿ. ಚೆನ್ನಾಗಿ ನಡೆಯುವವೂ ಬೇಕಾದಷ್ಟಿವೆ. ಆದರೂ ಆಪತ್ತಿಗೆ ಇಟ್ಟ ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ, ಬಡ್ಡಿ ಸ್ವಲ್ಪ ಕಡಿಮೆಯಾದರೂ. ಸೊಸೈಟಿಯ ಡೈರೆಕ್ಟರು ಅಪ್ಪನಿಗೆ ಬೇಕಾದವರು ಅಂತ ಬರೆದಿದ್ದೀರಿ, ಹಾಗಾಗಿ ಅಪ್ಪನಿಗೆ ಮೊದಲೇ ತಿಳಿಸಿ. ಕೆಲವು ಕಡೆ ಸುಮ್ನಿದ್ದರೆ ಠೇವಣಿ ತಾನಾಗಿ ಮುಂದುವರಿಯುತ್ತದೆ. ಮುದ್ದತು ಮುಗಿಯುವ ವಾರ ಮೊದಲೇ ಹಣ ವಾಪಸ್ ಬೇಕು ಅಂತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.