ಬೇನೆಯ ಹೊತ್ತಿನಲ್ಲಿ ಪಕ್ಕದಲ್ಲಿರುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾನು ನರ್ಸಿಂಗ್ ಕಾಲೇಜೊಂದರಲ್ಲಿ ಪ್ರಸೂತಿ ಶುಶ್ರೂಷೆ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿನಿಯರು ಮಗುವಿನ ತಲೆ ಕಾಣಿಸುವ ಹೊತ್ತಿಗೆ ಕೈಗವಸು ತೊಟ್ಟು ಬಂದು, ಹೆರಿಗೆ ಮುಗಿದೊಡನೆ ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅದಕ್ಕೆ ಮೊದಲಿನ ಗಂಟೆಗಳಲ್ಲಿ ತಾಯಿಗೆ ಆಸರೆಯಾಗಿರುವುದನ್ನು ಕಲಿಸುವ ಬಗೆ ಯಾವುದು?
— ಬೋಧಕಿ, ಉಡುಪಿ

ಉತ್ತರ: ಸಹಿ ಸಿಗುವುದು ಹೆರಿಗೆ ಮಾಡಿಸಿದ್ದಕ್ಕೇ ಹೊರತು ಜೊತೆಗೆ ಕುಳಿತದ್ದಕ್ಕಲ್ಲ, ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನ ಪ್ರಕಾರ, ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, 5 ಸೆಂಟಿಮೀಟರ್ ತೆರೆದ ಮೇಲೆ ಪೂರ್ತಿ ತೆರೆದುಕೊಳ್ಳಲು ಚೊಚ್ಚಲ ಹೆರಿಗೆಯಲ್ಲಿ 12 ಗಂಟೆಯವರೆಗೂ ಹಿಡಿಯಬಹುದು. ಪಾಳಿ ಮುಗಿದೊಡನೆ ಬಸ್ಸು ಹಿಡಿಯುವ ವಿದ್ಯಾರ್ಥಿನಿಗೆ ಈ ದಾರಿಯ ಒಂದು ತುಣುಕಷ್ಟೇ ಕಾಣುತ್ತದೆ. ಆದ್ದರಿಂದ ವರ್ಷದಲ್ಲಿ ಕೆಲವು ಬಾರಿಯಾದರೂ, ತಾಯಿಯ ಒಪ್ಪಿಗೆ ಪಡೆದು, ಒಬ್ಬ ವಿದ್ಯಾರ್ಥಿನಿಗೆ ಒಬ್ಬಳೇ ತಾಯಿಯನ್ನು ವಹಿಸಿ, ಆಕೆ ದಾಖಲಾದ ಗಳಿಗೆಯಿಂದ ಮಗು ಮೊದಲ ಸಲ ಎದೆಹಾಲು ಕುಡಿಯುವವರೆಗೆ ಜೊತೆಗಿರಲು ಬಿಡಿ. ಪಾಳಿಯ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಾದರೂ ಅಸಾಧ್ಯವಲ್ಲ.

ಜೊತೆಗಿರುವುದೆಂದರೆ ಸುಮ್ಮನೆ ಕೂರುವುದಲ್ಲ. ಬೇನೆ ಬಂದಾಗ ಬೆನ್ನಿನ ಬುಡದ ಮೂಳೆಯ ಮೇಲೆ ಅಂಗೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದು, ಬೇನೆ ಇಳಿದಾಗ ಗುಟುಕು ಗಂಜಿತಿಳಿ ಕೊಡುವುದು, ನಡೆದಾಡಿಸುವುದು, ಮೂತ್ರಕ್ಕೆ ಹೋಗುವುದನ್ನು ನೆನಪಿಸುವುದು, 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತವನ್ನು ಒಂದು ನಿಮಿಷವಾದರೂ ಕೇಳಿ, ಕೇಳಿದ್ದನ್ನು ತಾಯಿಗೂ ಹೇಳುವುದು — ಇವೆಲ್ಲ ಕೈ ಪಳಗಬೇಕಾದ ಕೆಲಸಗಳು. ಪಕ್ಕದಲ್ಲಿ ಆಕೆಯ ಅಮ್ಮನೋ ಅತ್ತಿಗೆಯೋ ಇದ್ದರೆ ಅವರನ್ನು ಹೊರಗೆ ಕಳಿಸದೆ, ಬೆನ್ನು ಒತ್ತುವುದನ್ನು ಅವರಿಗೂ ತೋರಿಸಿಕೊಡಲಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಪಾಠ ಅಗತ್ಯ, ಅದು ಭಾಷೆ. ನೋವು ಏರಿದಾಗ ಹೆಣ್ಣುಮಗಳ ಬಾಯಲ್ಲಿ ಬರುವುದು ತುಳುವೋ ಬ್ಯಾರಿಯೋ ಕೊಂಕಣಿಯೋ ಆಗಿರುತ್ತದೆ. ಪಕ್ಕದಲ್ಲಿರುವ ವಿದ್ಯಾರ್ಥಿನಿ ಕೇರಳದವಳೋ ಬಯಲುಸೀಮೆಯವಳೋ ಆಗಿರಬಹುದು. ಉಸಿರು ಬಿಡಿ, ಈಗ ಮುಕ್ಕಬೇಡಿ, ನಾನು ಇಲ್ಲೇ ಇದ್ದೇನೆ ಎಂಬಂಥ ಹತ್ತು ಮಾತುಗಳನ್ನಾದರೂ ಈ ಭಾಷೆಗಳಲ್ಲಿ ಬಾಯಿಪಾಠ ಮಾಡಿಸಿ. ಅಣಕು ಹೆರಿಗೆಯ ಅಭ್ಯಾಸದಲ್ಲಿ ಗೊಂಬೆಯ ಬದಲು ಒಬ್ಬ ವಿದ್ಯಾರ್ಥಿನಿಯೇ ಹತ್ತು ನಿಮಿಷ ಮೇಜಿನ ಮೇಲೆ ಮಲಗಿ, ಉಳಿದವರು ತನ್ನನ್ನು ಮಾತನಾಡಿಸದೆ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಳ್ಳಲಿ. ಗದರುವ ಸಿಸ್ಟರನ್ನು ಕಂಡ ಹುಡುಗಿ ಗದರುವುದನ್ನೇ ಕಲಿಯುತ್ತಾಳೆಂಬುದನ್ನು ನಾವು ಬೋಧಕರು ಮರೆಯಬಾರದು.

ಇದಕ್ಕೆ ಅಂಕ ಕೊಡುವುದು ಹೇಗೆಂಬ ಸಂಶಯ ನಿಮಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ, ಬೇನೆಯ ಪ್ರಗತಿಯನ್ನು ಬರೆದಿಡುವ ಹೆರಿಗೆ ಆರೈಕೆಯ ನಕ್ಷೆಯಲ್ಲಿ (ಲೇಬರ್ ಕೇರ್ ಗೈಡ್) ಜೊತೆಗಾರರು, ನೋವು ಶಮನ, ಕುಡಿಯಲು ಕೊಟ್ಟದ್ದು, ದೇಹದ ಭಂಗಿ ಇವಕ್ಕೆ ಪ್ರತ್ಯೇಕ ಸಾಲುಗಳಿವೆ. ತಾಯಿ ಅಂಗಾತ ಮಲಗಿದ್ದಾಳೆಂದು ಬರೆದರೆ ಅದನ್ನೂ ಎಚ್ಚರಿಕೆಯ ಗುರುತಾಗಿ ಸುತ್ತು ಹಾಕಬೇಕು. ಆ ನಾಲ್ಕು ಸಾಲುಗಳನ್ನು ವಿದ್ಯಾರ್ಥಿನಿಯೇ ಗಂಟೆಗಂಟೆಗೂ ತುಂಬಲಿ, ನಿಮ್ಮ ಸಹಿ ಮೊದಲು ಅಲ್ಲಿಗೆ ಬೀಳಲಿ.