ಅವಿಶ್ವಾಸ ಮತದಲ್ಲಿ ಸರ್ಕಾರ ಸೋತರೆ ಚುನಾವಣೆ ಆಗಲೇಬೇಕಾ?

ಸದನದಲ್ಲಿ ಸರ್ಕಾರ ಸೋತ ಕೂಡಲೇ ಚುನಾವಣೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಅದು ಆಯಾ ದೇಶದ ಸಂವಿಧಾನ, ಸಂಪ್ರದಾಯಗಳಿಗೆ ಬಿಟ್ಟಿದ್ದು.

ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಆಯುಷ್ಯ ಕೆಳಮನೆಯ ಬಹುಮತ ಇರುವಷ್ಟು ದಿನ ಮಾತ್ರ. ಒಂದೇ ಒಂದು ಮತ ಸಾಕು, ಕುರ್ಚಿ ಹೋಗುತ್ತದೆ. 1979ರ ಮಾರ್ಚ್ 28ರಂದು ಬ್ರಿಟನ್ನಿನ ಜೇಮ್ಸ್ ಕ್ಯಾಲಹನ್ ಸರ್ಕಾರ 310–311ರಲ್ಲಿ ಬಿತ್ತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತದಲ್ಲಿ 269–270ರಿಂದ ಸೋತಿತು. ಭಾರತದಲ್ಲಿ ರಾಷ್ಟ್ರಪತಿಗಳು ಮೊದಲು ಬೇರೆಯವರಿಗೆ ಬಹುಮತ ಇದೆಯೇ ಎಂದು ನೋಡಿದರು. ಯಾರಿಗೂ ಲೆಕ್ಕ ಕೂಡಿಬರದ ಮೇಲೆಯೇ ಲೋಕಸಭೆ ವಿಸರ್ಜನೆಯಾಯಿತು. ಅಲ್ಲಿಯವರೆಗೆ, ಆಮೇಲೂ, ಸೋತ ಸರ್ಕಾರವೇ ಉಸ್ತುವಾರಿಯಾಗಿ ದಿನನಿತ್ಯದ ಆಡಳಿತ ನಡೆಸುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಜರ್ಮನಿಯ ದಾರಿ. ವೈಮಾರ್ ಕಾಲದಲ್ಲಿ, ಅಂದರೆ ಹಿಟ್ಲರ್‌ಗೆ ಮುಂಚಿನ ಗಣರಾಜ್ಯದ ದಿನಗಳಲ್ಲಿ, ಪರಸ್ಪರ ಆಗದ ಪಕ್ಷಗಳು ಸರ್ಕಾರ ಬೀಳಿಸಲು ಮಾತ್ರ ಒಂದಾಗುತ್ತಿದ್ದವು, ಕಟ್ಟಲು ಆಗುತ್ತಿರಲಿಲ್ಲ. ಆ ಪಾಠ ಕಲಿತು 1949ರ ಮೂಲ ಕಾನೂನಿನ (ಜರ್ಮನಿಯ ಸಂವಿಧಾನ) 67ನೇ ವಿಧಿಯಲ್ಲಿ ಒಂದು ಷರತ್ತು ಹಾಕಿದರು: ಸರ್ಕಾರದ ಮುಖ್ಯಸ್ಥರಾದ ಚಾನ್ಸಲರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಬಹುಮತದಿಂದ ಆರಿಸಬೇಕು. 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧದ ಪ್ರಯತ್ನ ಎರಡು ಮತ ಕಡಿಮೆಯಾಗಿ ಬಿದ್ದುಹೋಯಿತು. 1982ರ ಅಕ್ಟೋಬರ್ 1ರಂದು ಫಲಿಸಿತು: ಹೆಲ್ಮುಟ್ ಶ್ಮಿಟ್ ಇಳಿದರು, ಅದೇ ದಿನ ಹೆಲ್ಮುಟ್ ಕೋಲ್ ಚಾನ್ಸಲರ್ ಆದರು.

ಸ್ಪೇನ್‌ನಲ್ಲೂ ಇಂಥದೇ ನಿಯಮವಿದೆ. 2018ರಲ್ಲಿ ಪ್ರಧಾನಿ ರಹೋಯ್ ಹೋಗಿ ಅವರ ಜಾಗಕ್ಕೆ ಸ್ಯಾಂಚೆಜ್ ಬಂದದ್ದು ಹೀಗೆಯೇ, ಚುನಾವಣೆ ಇಲ್ಲದೆ.