ಕಾಂಕ್ರೀಟ್ ಅಂಗಳದಲ್ಲಿ ಗೂಟ ಹೊಡೆಯದೆ ಟ್ರ್ಯಾಕ್ ಗುರುತಿಸೋದು

ಸೈಕ್ಲೋಕ್ರಾಸ್ (ಮಣ್ಣು, ಹುಲ್ಲು, ಅಡೆತಡೆ ದಾಟುತ್ತಾ ಸುತ್ತು ಹಾಕೋ ಸೈಕಲ್ ಸ್ಪರ್ಧೆ) ರೇಸು ಮೈದಾನದ ಮಣ್ಣಿನಿಂದ ಕಾಲೇಜಿನ ಪಾರ್ಕಿಂಗ್ ಅಂಗಳಕ್ಕೆ ಹತ್ತುತ್ತೆ, ಅಲ್ಲಿ ಗೂಟ ಇಳಿಯಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಬರೀ ಸುಣ್ಣದ ಗೆರೆ ನಂಬಬೇಡಿ ಸರ್. ಒಂದು ಮಳೆ ಬಂದ್ರೆ ಮುಗೀತು. ಆಯಿಲ್ ಪೇಂಟ್ ಅಂತೂ ಬೇಡವೇ ಬೇಡ, ಒದ್ದೆಯಾದಾಗ ತಿರುವಿನಲ್ಲಿ ಟೈರು ಜಾರುತ್ತೆ, ಆಮೇಲೆ ಕಾಲೇಜಿನವರ ಹತ್ರ ಬೈಸಿಕೊಳ್ಳೋದು ಬೇರೆ.

ಗೂಟದ ಬದಲು ಬಕೆಟ್ ಬಳಸಿ, ಪೇಂಟ್ ಅಂಗಡಿಯಲ್ಲಿ 20 ಲೀಟರಿನ ಖಾಲಿ ಬಕೆಟ್ ಸಿಗುತ್ತೆ. ನಡುವೆ ನಾಲ್ಕಡಿ ಪಿವಿಸಿ ಪೈಪ್ ನಿಲ್ಲಿಸಿ, ಸುತ್ತ ಒದ್ದೆ ಮರಳು ಗಟ್ಟಿಯಾಗಿ ತುಂಬಿ. ಪೂರ್ತಿ ತುಂಬಿದರೆ ಒಂದೊಂದೂ 30 ಕೆಜಿ ಮೀರುತ್ತೆ, ಹಾಗಾಗಿ ಜಾಗಕ್ಕೆ ಒಯ್ದ ಮೇಲೆ ತುಂಬಿದರೆ ಸೊಂಟ ಉಳಿಯುತ್ತೆ. ಬಕೆಟ್ ಯಾವಾಗಲೂ ಟ್ರ್ಯಾಕಿನ ಆಚೆಗಿರಲಿ, ಟ್ರ್ಯಾಕಿನ ಗಡಿ ತೋರಿಸೋ ಟೇಪ್ ಪೈಪಿನ ಟ್ರ್ಯಾಕ್ ಕಡೆಯ ಬದಿಯಲ್ಲಿ ಹಾಯಲಿ. ತಿರುವಿನ ಒಳಬದಿಯಲ್ಲಿ ಇನ್ನೂ ಒಂದಡಿ ಹಿಂದಕ್ಕೆ ಸರಿಸಿ. ಸವಾರ ಅಲ್ಲಿ ಒಳಕ್ಕೆ ವಾಲಿರ್ತಾನೆ, ಹ್ಯಾಂಡಲ್ಲೋ ಪೆಡಲ್ಲೋ ಬಕೆಟ್ಟಿಗೆ ತಗುಲಿದರೆ ಮಗುಚಿಕೊಳ್ತಾನೆ.

ಟೇಪನ್ನು ಪ್ರತಿ ಪೈಪಿಗೂ ಒಂದು ಸುತ್ತು ಸುತ್ತಿ ಮುಂದಕ್ಕೆ ಎಳೀರಿ. ಆಗ ಒಂದು ಕಡೆ ಹರಿದರೂ ಉಳಿದದ್ದು ಜೋತು ಬೀಳಲ್ಲ. ಪ್ಲಾಸ್ಟಿಕ್ ಟೇಪೇ ಸಾಕು. ತಂತಿ, ನೈಲಾನ್ ಹಗ್ಗ ಯಾರು ಪುಕ್ಕಟೆ ಕೊಟ್ಟರೂ ಬೇಡ, ಅವು ಹರಿಯಲ್ಲ, ಮೈ ಕೊಯ್ಯುತ್ತವೆ.

ಅಗಲ ಎಲ್ಲೂ 3 ಮೀಟರಿಗಿಂತ ಕಡಿಮೆಯಾಗದಿರಲಿ, ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮವೂ ಅದೇ. ಬಾಣದ ಗುರುತಿಗೆ ಮಾತ್ರ ಸೀಮೆಸುಣ್ಣ ಬಳಸಿ, ತಿರುವಿಗೆ ಸಾಕಷ್ಟು ಮುಂಚೆಯೇ ಬರೀರಿ. ಮಣ್ಣು ಮುಗಿದು ಕಾಂಕ್ರೀಟ್ ಶುರುವಾಗೋ ಅಂಚಿನಲ್ಲಿ ಪೊರಕೆ ಸಮೇತ ಒಬ್ಬ ಹುಡುಗನನ್ನ ನಿಲ್ಲಿಸಿ. ಟೈರು ತಂದು ಚೆಲ್ಲೋ ಜಲ್ಲಿಪುಡಿಯನ್ನ ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಗುಡಿಸ್ತಾ ಇರ್ಲಿ.